ಮೊದಲ ಕಥೆಯ ವಿಳಾಸ



ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಗಾಗಿ ಪ್ರತಿವರ್ಷ ನಡೆಯುವ ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬ. ಬಹುಮಾನ ವಿತರಣೆ ಮುಗಿದು ಚಹಾ ಕುಡಿಯುತ್ತಾ ನಿಂತಿರುವಾಗ ಒಬ್ಬಿಬ್ಬರು ವಿದ್ಯಾರ್ಥಿಗಳು ಹತ್ತಿರ ಬಂದು, "ಸರ್, ಇದನ್ನು ಇನ್ನು ಎಲ್ಲಿಗೆ ಕಳಿಸಬಹುದು?" ಎಂದು ಕೇಳುವುದುಂಟು. ಬಾಯಿಗೆ ಬಂದ ಎರಡು ಪತ್ರಿಕೆಗಳ ಹೆಸರು ಹೇಳಿ ನಾನು ಜಾರಿಕೊಳ್ಳುತ್ತಿದ್ದೆ. ಕಳೆದ ಸಲ ಹಾಗೆ ಮಾಡಲು ಆಗಲಿಲ್ಲ. ಬಿ.ಕಾಂ. ಕೊನೆಯ ವರ್ಷದ ಹುಡುಗಿಯೊಬ್ಬಳು ಬೀಡಿ ಕಟ್ಟುವ ತನ್ನ ಅಜ್ಜಿಯ ಕುರಿತು ಬಹಳ ಚೆನ್ನಾಗಿ ಬರೆದಿದ್ದಳು. ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿ, ಬಳಿಕ ದನಿ ತಗ್ಗಿಸಿ, "ಹೆಸರು ಬದಲಿಸಿ ಕಳಿಸಿದರೆ ಒಳ್ಳೆಯದಾ ಸರ್? ಅಥವಾ ನಮ್ಮವರ ಪತ್ರಿಕೆಗೇ ಕೊಟ್ಟುಬಿಡುವುದಾ?" ಎಂದಳು.

ಚಹಾದ ಲೋಟ ಹಿಡಿದುಕೊಂಡು ಉತ್ತರಿಸುವ ಪ್ರಶ್ನೆ ಇದಲ್ಲ. ಒಂದು ಪತ್ರಿಕೆಗೆ ಗೌರವ ಎಲ್ಲಿಂದ ಬರುತ್ತದೆ, ನಮಗಿಂತ ಮೊದಲು ಬರೆದವರು ತಮ್ಮ ಮೊದಲ ಬರಹವನ್ನು ಯಾರ ಕೈಗೆ ಕೊಟ್ಟರು, ಅದರಿಂದ ಅವರಿಗೆ ಏನಾಯಿತು ಎಂಬುದು ತಿಳಿದರೆ ಅವಳ ಪ್ರಶ್ನೆಗೆ ಉತ್ತರ ತಾನಾಗಿ ಸಿಗಬಹುದು ಎಂದುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ನೀವೂ ಕಥೆಯನ್ನೋ ಕವಿತೆಯನ್ನೋ ಬರೆದು ಪುಸ್ತಕದ ನಡುವೆ ಇಟ್ಟಿದ್ದರೆ ಇದು ನಿಮಗೂ ಸಲ್ಲುತ್ತದೆ.

ಕನ್ನಡದ ಮೊದಲ ಪತ್ರಿಕೆ ನಮ್ಮ ಕರಾವಳಿಯಲ್ಲೇ ಹುಟ್ಟಿತು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದು ಮುಖ್ಯವಾಗಿ ಸುದ್ದಿಪತ್ರಿಕೆ. ಸಣ್ಣಕಥೆಗೆ ಸ್ಥಳ ಸಿಕ್ಕಿದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅದೂ ಮಂಗಳೂರಿನಲ್ಲೇ. 1900ರ ಸುಮಾರಿಗೆ 'ಸುವಾಸಿನಿ' ಎಂಬ ಮಾಸಪತ್ರಿಕೆಯಲ್ಲಿ ಪಂಜೆ ಮಂಗೇಶರಾಯರ ಸಣ್ಣಕಥೆಗಳು ಬಂದವು. ಕನ್ನಡದಲ್ಲಿ ಸಣ್ಣಕಥೆ ಎಂಬ ಪ್ರಕಾರವೇ ಗಟ್ಟಿಯಾಗಿರದ ಕಾಲವದು. ಬರೆದವರ ಜೊತೆಗೆ, ಹಾಕಿಕೊಳ್ಳುವ ಧೈರ್ಯವುಳ್ಳ ಒಂದು ಪತ್ರಿಕೆಯೂ ಬೇಕಾಗಿತ್ತು. 'ಸುವಾಸಿನಿ' ಬಹುಕಾಲ ಬಾಳಲಿಲ್ಲ. ಆದರೂ ಸಣ್ಣಕಥೆಯ ಚರಿತ್ರೆ ಬರೆಯುವವರು ಅದರ ಹೆಸರನ್ನು ಬಿಡುವಂತಿಲ್ಲ.

ಇದನ್ನು ನೀವು ಮೊದಲಿಗೇ ಗಮನಿಸಬೇಕು. ಪ್ರಸಾರ ಸಂಖ್ಯೆಯಾಗಲಿ ಆಯುಸ್ಸಾಗಲಿ ಸಾಹಿತ್ಯ ಪತ್ರಿಕೆಯ ಗೌರವವನ್ನು ನಿರ್ಧರಿಸಿಲ್ಲ. ಹತ್ತು ವರ್ಷ ಬಾಳದ ಪತ್ರಿಕೆ ನೂರು ವರ್ಷ ನೆನಪಿನಲ್ಲಿ ಉಳಿದದ್ದುಂಟು. ಲಕ್ಷಗಟ್ಟಲೆ ಮಾರಾಟವಾಗಿ ರದ್ದಿಗೆ ಹೋದದ್ದೂ ಉಂಟು.

ಎರಡನೆಯ ಉದಾಹರಣೆ ನಮ್ಮಂಥ ಸಂಘದವರಿಗೆ ವಿಶೇಷವಾಗಿ ಹತ್ತಿರವಾದದ್ದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿದರು. ಕಾಲೇಜಿನಲ್ಲಿ ಕನ್ನಡ ಮಾತಾಡುವುದೇ ಕೀಳು ಎಂದು ತಿಳಿಯುತ್ತಿದ್ದ ದಿನಗಳು ಅವು. ಆ ಸಂಘದ ಪತ್ರಿಕೆಯಾಗಿ ಹೊರಟದ್ದು 'ಪ್ರಬುದ್ಧ ಕರ್ನಾಟಕ'. ಒಂದು ಕಾಲೇಜು ಸಂಘದ ಪತ್ರಿಕೆ! ಹೊಸಗನ್ನಡ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರು ಅದರಲ್ಲಿ ಬರೆದರು. ಮುಂದೆ ಅದು ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಕೃಷ್ಣಶಾಸ್ತ್ರಿಗಳು ಹಸ್ತಪ್ರತಿಯನ್ನು ಸಾಲುಸಾಲಾಗಿ ಓದಿ ತಿದ್ದುವ ಜಾಯಮಾನದವರು. ಶಿಷ್ಯರು ಅವರ ಕೆಂಪು ಶಾಯಿಗೆ ಹೆದರುತ್ತಿದ್ದರಂತೆ, ಆದರೆ ಕೊಡುವುದನ್ನು ನಿಲ್ಲಿಸಲಿಲ್ಲ.

ಧಾರವಾಡದಲ್ಲಿ 1922ರಲ್ಲಿ ಆಲೂರು ವೆಂಕಟರಾಯರು 'ಜಯ ಕರ್ನಾಟಕ'ವನ್ನು ಆರಂಭಿಸಿದರು. ಮಾಸ್ತಿಯವರು 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯನ್ನು ನಡೆಸಿದರು. ಸರಕಾರದ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ, ಆಗಲೇ ದೊಡ್ಡ ಹೆಸರು ಮಾಡಿದ್ದ ಲೇಖಕ ತನ್ನ ಬರವಣಿಗೆಯ ಸಮಯವನ್ನು ಕಳೆದುಕೊಂಡು ಇನ್ನೊಬ್ಬರ ಬರಹ ಓದುತ್ತಾ ಇಪ್ಪತ್ತೊಂದು ವರ್ಷ ಕಳೆದರು. ಗೌರವ ಎನ್ನುವುದು ಇಂಥ ಓದಿನಿಂದ ಬಂದದ್ದು. ಅಂಚೆಯಲ್ಲಿ ಬಂದ ಅಪರಿಚಿತನ ಕಾಗದವನ್ನು ಯಾರೋ ಒಬ್ಬರು ಪೂರ್ತಿ ಓದುತ್ತಾರೆ, ಹೆಸರು ನೋಡುವ ಮೊದಲು ಬರಹ ನೋಡುತ್ತಾರೆ ಎಂಬ ನಂಬಿಕೆ ಇದ್ದಲ್ಲಿಗೆ ಒಳ್ಳೆಯ ಬರಹಗಳು ತಾವಾಗಿ ಹೋಗುತ್ತಿದ್ದವು.

ನಮ್ಮ ಮನೆಗಳಲ್ಲಿ ಉರ್ದು ಓದುವ ಹಿರಿಯರಿದ್ದರೆ ಅವರನ್ನು ಕೇಳಿ ನೋಡಿ. ಅಲ್ಲಿಯೂ ಕಥೆ ಇದೇ. 1901ರಲ್ಲಿ ಲಾಹೋರಿನಲ್ಲಿ ಶೇಖ್ ಅಬ್ದುಲ್ ಖಾದಿರ್ 'ಮಖ್ಜನ್' ಪತ್ರಿಕೆಯನ್ನು ಆರಂಭಿಸಿದಾಗ ಅದರ ಮೊದಲ ಸಂಚಿಕೆಯಲ್ಲೇ ಇಕ್ಬಾಲರ 'ಹಿಮಾಲಾ' ಕವಿತೆ ಬಂತು. ಕವಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಕಾನ್ಪುರದ 'ಜಮಾನಾ' ಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮ್ ಅವರಂತೂ ತಮ್ಮ ಲೇಖಕನಿಗೆ ಹೆಸರನ್ನೇ ಕೊಟ್ಟರು. ಧನಪತರಾಯ್ ಎಂಬ ಶಾಲಾ ನೌಕರ ನವಾಬ್‌ರಾಯ್ ಎಂಬ ಹೆಸರಿನಲ್ಲಿ ಬರೆದ 'ಸೋಜ್-ಎ-ವತನ್' ಕಥಾಸಂಕಲನ 1908ರಲ್ಲಿ ಬಂದು ಬ್ರಿಟಿಷ್ ಅಧಿಕಾರಿಗಳ ಕಣ್ಣಿಗೆ ಬಿತ್ತು. ಪ್ರತಿಗಳನ್ನು ವಶಪಡಿಸಿಕೊಂಡರು, ಇನ್ನು ಮುಂದೆ ಒಪ್ಪಿಗೆಯಿಲ್ಲದೆ ಏನೂ ಬರೆಯಬಾರದೆಂದು ತಾಕೀತಾಯಿತು. ಆಗ ನಿಗಮ್ ಸೂಚಿಸಿದ ಹೊಸ ಹೆಸರೇ ಪ್ರೇಮಚಂದ್. ಹೆಸರು ಬದಲಿಸುವ ಬಗ್ಗೆ ಕೇಳಿದ ಆ ಹುಡುಗಿಗೆ ನಾನು ಹೇಳಬೇಕಾದದ್ದು ಇದು: ಪ್ರೇಮಚಂದರು ಹೆಸರು ಬದಲಿಸಿದ್ದು ಸರಕಾರದ ಕಣ್ಣು ತಪ್ಪಿಸಲು. ಓದುಗರಿಗೆ ತಾನು ಯಾರೆಂದು ತಿಳಿಯಬಾರದು ಎಂಬ ಸಂಕೋಚದಿಂದಲ್ಲ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ರುಖಿಯಾ ಸಖಾವತ್ ಹುಸೇನ್ ಅವರ ಉದಾಹರಣೆ ನನಗೆ ಇನ್ನೂ ಇಷ್ಟ. ಬಂಗಾಳದ ಜಮೀನ್ದಾರಿ ಮನೆತನದ, ಪರದಾದೊಳಗೆ ಬೆಳೆದ ಈ ಹೆಣ್ಣುಮಗಳು ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತವರು. ಮದುವೆಯಾಗಿ ಭಾಗಲ್ಪುರಕ್ಕೆ ಹೋದ ಮೇಲೆ, ಗಂಡ ಕೆಲಸದ ಮೇಲೆ ಊರಿಗೆ ಹೋಗಿದ್ದಾಗ ಹೊತ್ತು ಕಳೆಯಲೆಂದು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಗಂಡಸರೆಲ್ಲ ಮನೆಯೊಳಗೆ, ಹೆಂಗಸರು ಹೊರಗೆ ರಾಜ್ಯಭಾರ ಮಾಡುವ ಕಥೆ ಅದು: 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಅದು ಪ್ರಕಟವಾದದ್ದು ಕಲ್ಕತ್ತೆಯಲ್ಲಲ್ಲ, ದೂರದ ಮದ್ರಾಸಿನಲ್ಲಿ. ಕಮಲಾ ಸತ್ಯನಾಥನ್ ಎಂಬ ಕ್ರೈಸ್ತ ಮಹಿಳೆ ನಡೆಸುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಅದನ್ನು ಹಾಕಿಕೊಂಡಿತು. ಆ ಹೊತ್ತಿಗೆ ಮುಸ್ಲಿಂ ಮಹಿಳೆಯರಿಗೆಂದೇ ಲಾಹೋರಿನಿಂದ 'ತಹಜೀಬ್-ಎ-ನಿಸ್ವಾನ್' ಎಂಬ ಉರ್ದು ಪತ್ರಿಕೆ ಹೊರಡುತ್ತಿತ್ತು. ಅದು 1898ರಲ್ಲಿ ಆರಂಭವಾದದ್ದು. ಅದರ ಸಂಪಾದಕಿಯೂ ಮುಹಮ್ಮದಿ ಬೇಗಂ ಎಂಬ ಮಹಿಳೆ. ಅದೂ ದೊಡ್ಡ ಕೆಲಸ ಮಾಡಿತು. ಆದರೆ ರುಖಿಯಾ ಬರೆದದ್ದು ಇಂಗ್ಲಿಷಿನಲ್ಲಿ, ಭಾರತದ ಎಲ್ಲ ಕಡೆಯ ವಿದ್ಯಾವಂತ ಸ್ತ್ರೀಯರು ಓದಲೆಂಬಂತೆ. ಅದಕ್ಕೆ ತಕ್ಕ ಮನೆ ಮದ್ರಾಸಿನಲ್ಲಿತ್ತು. ಬರಹದ ಭಾಷೆ, ಧಾಟಿ, ಓದುಗರು ಇವು ಮೂರೂ ಸೇರಿ ಪತ್ರಿಕೆಯನ್ನು ಆರಿಸುತ್ತವೆ. ಊರು, ಜಾತಿ, ಪರಿಚಯ ಇವಲ್ಲ.

ನಮ್ಮ ರಾಜ್ಯದ ರಾಜಧಾನಿಯಿಂದಲೇ ಮಹಮೂದ್ ಅಯಾಜ್ ಅವರು 'ಸೌಗಾತ್' ಎಂಬ ಉರ್ದು ಸಾಹಿತ್ಯ ಪತ್ರಿಕೆಯನ್ನು ನಡೆಸಿದರು ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ದೆಹಲಿ, ಲಾಹೋರ್, ಕರಾಚಿಯ ಲೇಖಕರು ತಮ್ಮ ಹೊಸ ಬರಹ ಬೆಂಗಳೂರಿನ ಪತ್ರಿಕೆಯಲ್ಲಿ ಬರಲಿ ಎಂದು ಆಸೆಪಡುತ್ತಿದ್ದರು. ನಡುವೆ ನಿಂತು, ಮತ್ತೆ ಹೊರಟು, ಮತ್ತೆ ನಿಂತ ಪತ್ರಿಕೆ ಅದು.

ಮತ್ತೆ ಕನ್ನಡಕ್ಕೆ ಬರೋಣ. 1960ರ ದಶಕ ನಮ್ಮ ಸಾಹಿತ್ಯ ಪತ್ರಿಕೆಗಳಿಗೆ ಸುಗ್ಗಿಯ ಕಾಲ. ಗೋಪಾಲಕೃಷ್ಣ ಅಡಿಗರು 1962ರಲ್ಲಿ 'ಸಾಕ್ಷಿ'ಯನ್ನು ಆರಂಭಿಸಿದರು. ನವ್ಯ ಸಾಹಿತ್ಯದ ಹೊಸ ಕವಿ, ಕಥೆಗಾರ, ವಿಮರ್ಶಕರು ಅಲ್ಲಿ ಸಾಣೆಗೆ ಸಿಕ್ಕರು. 1964ರಲ್ಲಿ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ತರುಣರು 'ಸಂಕ್ರಮಣ'ವನ್ನು ಹೊರಡಿಸಿದರು. ಮೂವರೂ ಇಪ್ಪತ್ತೈದರ ಆಚೀಚೆಯ ವಯಸ್ಸಿನವರು. ಶೂದ್ರ ಶ್ರೀನಿವಾಸ್ 1973ರಲ್ಲಿ 'ಶೂದ್ರ'ವನ್ನೂ, ಅನಂತಮೂರ್ತಿಯವರು 1981ರಲ್ಲಿ 'ರುಜುವಾತು'ವನ್ನೂ ತಂದರು. ಇವುಗಳನ್ನು ಸಣ್ಣ ಪತ್ರಿಕೆಗಳು ಎನ್ನುತ್ತಾರೆ. ಸಾವಿರ ಪ್ರತಿ ಅಚ್ಚಾದರೆ ದೊಡ್ಡದು, ಚಂದಾ ಹಣ ಬಂದರೆ ಭಾಗ್ಯ. ಆದರೆ ಆ ಸಾವಿರ ಮಂದಿಯಲ್ಲಿ ಮುಂದಿನ ಮೂವತ್ತು ವರ್ಷಗಳ ಕನ್ನಡ ಸಾಹಿತ್ಯವನ್ನು ಬರೆಯುವವರು, ಪಾಠ ಹೇಳುವವರು, ವಿಮರ್ಶಿಸುವವರು ಬಹುಪಾಲು ಇರುತ್ತಿದ್ದರು.

ಹಾಗೆಂದು ದೊಡ್ಡ ಪತ್ರಿಕೆಗಳನ್ನು ಕಡೆಗಣಿಸುವಂತಿಲ್ಲ. ಹುಬ್ಬಳ್ಳಿಯ 'ಕಸ್ತೂರಿ' 1956ರಲ್ಲಿ, 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ ಆರಂಭವಾದವು. ಮಣಿಪಾಲದಿಂದ 'ತುಷಾರ', ಬಳಿಕ 1983ರಲ್ಲಿ 'ತರಂಗ' ಬಂದವು. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುತ್ತಿದ್ದ ಇವುಗಳಿಂದಲೇ ಸಾವಿರಾರು ಮನೆಗಳಲ್ಲಿ, ನಮ್ಮ ಮನೆಗಳಲ್ಲಿ ಕೂಡ, ಹೆಂಗಸರು ಕನ್ನಡ ಕಥೆ ಓದಲು ಕಲಿತರು. 'ಪ್ರಜಾವಾಣಿ' ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಮಹತ್ವವನ್ನಂತೂ ಎಷ್ಟು ಹೇಳಿದರೂ ಕಡಿಮೆ. ಪೂರ್ಣಚಂದ್ರ ತೇಜಸ್ವಿಯವರ 'ಲಿಂಗ ಬಂದ' ಅಲ್ಲಿ ಬಹುಮಾನ ಪಡೆದ ಕಥೆ. ತೀರ್ಪುಗಾರರ ಮುಂದೆ ಹೆಸರಿಲ್ಲದ ಹಾಳೆ ಹೋಗುವ ಸ್ಪರ್ಧೆ, ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗನಿಗೆ ಸಿಗಬಹುದಾದ ನೇರವಾದ ಬಾಗಿಲು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ.

ಕಾಸರಗೋಡಿನ ಸಾರಾ ಅಬೂಬಕ್ಕರ್ 1936ರಲ್ಲಿ ಹುಟ್ಟಿದವರು. ವಕೀಲರಾಗಿದ್ದ ತಂದೆ ಮಗಳನ್ನು ಕನ್ನಡ ಶಾಲೆಗೆ ಕಳಿಸಿದರು. ಆ ಭಾಗದ ಮುಸ್ಲಿಂ ಹುಡುಗಿಯರಲ್ಲಿ ಶಾಲೆ ಮುಗಿಸಿದ ಮೊದಲಿಗರಲ್ಲಿ ಅವರೊಬ್ಬರು. ಮುಂದೆ ಓದುವ ಆಸೆ ಇದ್ದರೂ ಅಂದಿನ ಕಟ್ಟುಪಾಡು ಬಿಡಲಿಲ್ಲ. ಮದುವೆ, ನಾಲ್ಕು ಗಂಡುಮಕ್ಕಳು, ಸಂಸಾರ. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ವಿದ್ಯಾರ್ಥಿನಿಯರೇ, ನಿಮ್ಮ ಕಾಲೇಜಿನ ಗ್ರಂಥಾಲಯದ ಕಾರ್ಡನ್ನು ಒಮ್ಮೆ ಕೈಯಲ್ಲಿ ಹಿಡಿದು ಈ ವಾಕ್ಯವನ್ನು ಇನ್ನೊಮ್ಮೆ ಓದಿ.

ಅವರ ಮೊದಲ ಲೇಖನ ಪ್ರಕಟವಾದದ್ದು 1981ರಲ್ಲಿ, 'ಲಂಕೇಶ್ ಪತ್ರಿಕೆ'ಯಲ್ಲಿ. ಕೋಮು ಸೌಹಾರ್ದದ ಬಗ್ಗೆ ಬರೆದ ಅಭಿಪ್ರಾಯ ಲೇಖನ ಅದು. ಆಗ ಅವರಿಗೆ ನಲವತ್ತೈದು. ಪಿ. ಲಂಕೇಶರು ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ವೃತ್ತಿ ಬಿಟ್ಟು, ಸಿನಿಮಾ ಮಾಡಿ, 1980ರಲ್ಲಿ ಈ ವಾರಪತ್ರಿಕೆಯನ್ನು ಆರಂಭಿಸಿದ್ದರು. ಜಾಹೀರಾತನ್ನೇ ತೆಗೆದುಕೊಳ್ಳದ ಪತ್ರಿಕೆ. ಓದುಗ ಕೊಡುವ ಕಾಸಿನಲ್ಲೇ ನಡೆಯಬೇಕು. ರಾಜಕೀಯದ ಬಿಸಿಬಿಸಿ ವರದಿಯ ಪಕ್ಕದಲ್ಲೇ ಕವಿತೆ, ಕಥೆ ಇರುತ್ತಿದ್ದವು. ಹಾಗಾಗಿ ಅಲ್ಲಿ ಬಂದ ಕಥೆಯನ್ನು ಸಾಹಿತ್ಯದ ವಿದ್ಯಾರ್ಥಿಯೂ ಓದುತ್ತಿದ್ದ, ರಾಜಕೀಯದ ಸುದ್ದಿಗೆಂದು ಕೊಂಡುಕೊಂಡ ಕ್ಷೌರದಂಗಡಿಯ ಗಿರಾಕಿಯೂ ಓದುತ್ತಿದ್ದ. ಅಂಥ ಪತ್ರಿಕೆಯಲ್ಲೇ ಸಾರಾ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂತು. ತಂದೆಯ ಹಟಕ್ಕೂ ತಲಾಖಿನ ಕಟ್ಟಿಗೂ ಸಿಕ್ಕಿಬಿದ್ದ ನಾದಿರಾಳ ಕಥೆ ವಾರ ವಾರವೂ ಕರ್ನಾಟಕದ ಮೂಲೆಮೂಲೆಯನ್ನು ತಲುಪಿತು. ಬಳಿಕ ಪುಸ್ತಕವಾಯಿತು, ಇಂಗ್ಲಿಷಿಗೂ ಬೇರೆ ಭಾಷೆಗಳಿಗೂ ಹೋಯಿತು.

ಈ ಬರಹಕ್ಕಾಗಿ ಅವರು ವಿರೋಧವನ್ನೂ ಎದುರಿಸಬೇಕಾಯಿತು. ನಮ್ಮವರಲ್ಲೇ ಹಲವರು, "ಮನೆಯ ಮಾತನ್ನು ಬೀದಿಗೆ ತಂದಳು" ಎಂದರು. ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಈ ಸಂಚಿಕೆಯ ಓದುಗರಲ್ಲೂ ಒಪ್ಪದವರು ಇರುತ್ತೀರಿ. ಆದರೆ ಒಂದನ್ನು ಮರೆಯುವಂತಿಲ್ಲ. ಅದುವರೆಗೆ ಕನ್ನಡ ಕಥೆಗಳಲ್ಲಿ ಮುಸ್ಲಿಂ ಪಾತ್ರ ಎಂದರೆ ಟಾಂಗಾ ಹೊಡೆಯುವ ಸಾಬಿ, ಅತ್ತರಿನ ವ್ಯಾಪಾರಿ, ಅಥವಾ ಹಾದುಹೋಗುವ ಒಂದು ಬುರ್ಖಾ. ಅಡಿಗೆಮನೆಯ ಒಳಗೆ ಕುಳಿತವರ ಮಾತು ಕನ್ನಡಕ್ಕೆ ಬಂದದ್ದು ಹೀಗೆ, ಸ್ವಂತ ಹೆಸರಿನಲ್ಲಿ, ಎಲ್ಲರೂ ಓದುವ ಪತ್ರಿಕೆಯಲ್ಲಿ. 2023ರ ಜನವರಿ 10ರಂದು ಅವರು ಮಂಗಳೂರಿನಲ್ಲಿ ತೀರಿಕೊಂಡಾಗ ಒಪ್ಪದಿದ್ದವರೂ ಅಂತಿಮ ದರ್ಶನಕ್ಕೆ ಹೋದದ್ದನ್ನು ಬಲ್ಲೆ.

ಬಾನು ಮುಷ್ತಾಕ್ ಅವರ ದಾರಿ ಸ್ವಲ್ಪ ಬೇರೆ. ಹಾಸನದಲ್ಲಿ 1948ರಲ್ಲಿ ಹುಟ್ಟಿದ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಶನರಿ ಶಾಲೆಗೆ ಸೇರಿಸುವಾಗ, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರಂತೆ. ಕೆಲವೇ ದಿನಗಳಲ್ಲಿ ಹುಡುಗಿ ಕಲಿತುಬಿಟ್ಟಳು. ಅವರ ಮೊದಲ ಕಥೆ ಪ್ರಕಟವಾದದ್ದು ಯಾವುದೋ ಘನವಾದ ತ್ರೈಮಾಸಿಕದಲ್ಲಿ ಅಲ್ಲ, 'ಪ್ರಜಾಮತ' ಎಂಬ ಜನಪ್ರಿಯ ವಾರಪತ್ರಿಕೆಯಲ್ಲಿ. ಬಳಿಕ 1980ರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾಗಿ ಊರೂರು ತಿರುಗಿದರು, ವಕೀಲರಾದರು, ಬಂಡಾಯ ಸಾಹಿತ್ಯ ಚಳವಳಿಯ ಜೊತೆಗಿದ್ದರು. ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. 2025ರ ಮೇ ತಿಂಗಳಲ್ಲಿ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು.

ಆ ರಾತ್ರಿ ನಮ್ಮಲ್ಲಿ ಎಷ್ಟೋ ಮಂದಿ ವಾಟ್ಸಾಪಿನಲ್ಲಿ ಅಭಿನಂದನೆ ಹಂಚಿದರು. ನಾನೂ ಹಂಚಿದೆ. ಆದರೆ ಲಂಡನ್ನಿನ ವೇದಿಕೆಗಿಂತ ಐವತ್ತು ವರ್ಷ ಹಿಂದೆ, ಬೆಂಗಳೂರಿನ ವಾರಪತ್ರಿಕೆಯ ಕಚೇರಿಗೆ ಹಾಸನದಿಂದ ಹೋದ ಒಂದು ಲಕೋಟೆ ಇದೆಯಲ್ಲ, ನಮ್ಮ ವಿದ್ಯಾರ್ಥಿಗಳು ನೋಡಬೇಕಾದದ್ದು ಅದನ್ನು.

ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನು ಕಟ್ಟಿ ನಮ್ಮ ಬದುಕನ್ನು ನಗುತ್ತಾ ಬರೆದರು; 2016ರಲ್ಲಿ 'ಸ್ವಾತಂತ್ರ್ಯದ ಓಟ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಫಕೀರ್ ಮುಹಮ್ಮದ್ ಕಟ್ಪಾಡಿ ಕರಾವಳಿಯ ಇನ್ನೊಂದು ಮುಖ ತೋರಿಸಿದರು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಯಂತೂ ನಾಡಹಬ್ಬಗಳಲ್ಲಿ ಎಲ್ಲರ ಬಾಯಲ್ಲಿದೆ. ಇವರಲ್ಲಿ ಯಾರೂ ಹೆಸರು ಮರೆಸಿಕೊಂಡು ಬರೆದವರಲ್ಲ.

ಹಾಗಾದರೆ ನಮ್ಮವರ ಪತ್ರಿಕೆಗಳ ಗತಿಯೇನು ಎಂದು ಕೇಳುತ್ತೀರಿ. ಮಂಗಳೂರಿನ 'ಸನ್ಮಾರ್ಗ' ವಾರಪತ್ರಿಕೆಯಿಂದ ಹಿಡಿದು ಈ ನಮ್ಮ ವಾರ್ಷಿಕ ಸಂಚಿಕೆಯವರೆಗೆ ಇವು ಮಾಡಿದ ದೊಡ್ಡ ಕೆಲಸವೆಂದರೆ ನಮ್ಮವರಿಗೆ ಕನ್ನಡದ ಬರವಣಿಗೆಯನ್ನು ರೂಢಿ ಮಾಡಿಸಿದ್ದು. ಮನೆಯಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತವನಿಗೆ ಮೊದಲ ಸಲ ತನ್ನ ಹೆಸರನ್ನು ಕನ್ನಡ ಅಚ್ಚಿನಲ್ಲಿ ನೋಡುವ ಸಂತೋಷ ಇಲ್ಲಿ ಸಿಗುತ್ತದೆ. ಅಜ್ಜಿಯನ್ನು 'ಉಮ್ಮಾಮ' ಎಂದು ಬರೆದರೆ ಇಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ಆದರೆ ಅದೇ ಇದರ ಮಿತಿಯೂ ಹೌದು. ಅರ್ಥ ಕೇಳುವವರಿಲ್ಲದಿದ್ದರೆ ಬರೆಯುವವನು ವಿವರವಾಗಿ ತೋರಿಸಲು ಕಲಿಯುವುದಿಲ್ಲ. ಇಲ್ಲಿ ಸಂಪಾದಕ ಮಂಡಳಿಯವರು ಬರೆದವನ ಬಾಪನ ಸ್ನೇಹಿತರಾಗಿರುತ್ತಾರೆ. ಕಥೆಯನ್ನು ಹಿಂದಕ್ಕೆ ಕಳಿಸುವ ಮನಸ್ಸು ಬರುವುದಿಲ್ಲ. ಆ ಮಂಡಳಿಯಲ್ಲಿ ಕುಳಿತವನಾಗಿ ಹೇಳುತ್ತಿದ್ದೇನೆ, ದಾಕ್ಷಿಣ್ಯಕ್ಕೆ ಹಾಕಿಕೊಂಡ ಕಥೆಗಳು ನನಗೆ ಲೆಕ್ಕವಿಲ್ಲದಷ್ಟು ಗೊತ್ತು. ಆದ್ದರಿಂದ ಪ್ರಬಂಧ, ವರದಿ, ಮೊದಲ ಪ್ರಯತ್ನಗಳನ್ನು ನಮಗೆ ಕೊಡಿ. ನಿಮ್ಮ ಅತ್ಯುತ್ತಮ ಕಥೆಯನ್ನು ಮಾತ್ರ ನಿಮ್ಮನ್ನು ಗುರುತೇ ಇಲ್ಲದ ಸಂಪಾದಕನಿಗೆ ಕಳಿಸಿ.

ಅಂಥವನನ್ನು ಹುಡುಕುವುದು ಹೇಗೆ? ನನಗೆ ಗೊತ್ತಿರುವ ದಾರಿ ಒಂದೇ, ಹಳೆಯ ಸಂಚಿಕೆಗಳನ್ನು ಓದುವುದು. ಗ್ರಂಥಾಲಯಕ್ಕೆ ಹೋಗಿ ಒಂದು ಪತ್ರಿಕೆಯ ಎರಡು ವರ್ಷಗಳ ಸಂಚಿಕೆಗಳನ್ನು ಮೇಜಿನ ಮೇಲೆ ಹಾಕಿಕೊಳ್ಳಿ. ಪ್ರತಿ ಸಂಚಿಕೆಯಲ್ಲೂ ಅದೇ ಐದಾರು ಹೆಸರುಗಳೇ ತಿರುಗುತ್ತಿವೆಯೇ? ಹೊಸ ಹೆಸರು ಎಷ್ಟು? ಸಂಪಾದಕರ ಕವಿತೆಗಳೇ ಹೆಚ್ಚಾಗಿದ್ದರೆ ಜಾಗ್ರತೆ. ಅಲ್ಲಿ ಬಂದ ಕಥೆಗಳು ಮುಂದೆ ಸಂಕಲನಗಳಲ್ಲಿ ಸೇರಿದವೇ, ಯಾರಾದರೂ ಅವುಗಳ ಬಗ್ಗೆ ಬರೆದರೇ? ಅಚ್ಚಿನ ತಪ್ಪುಗಳಿಂದ ತುಂಬಿದ ಪುಟಗಳು ಕಂಡರೆ, ಅಲ್ಲಿ ಯಾರೂ ಎರಡನೆಯ ಸಲ ಓದುವುದಿಲ್ಲ ಎಂದು ತಿಳಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿನ ಕಥೆಗಳ ಪಕ್ಕದಲ್ಲಿ ನಿಮ್ಮ ಕಥೆ ಕುಳಿತರೆ ನಿಮಗೆ ಹೆಮ್ಮೆಯಾಗುತ್ತದೆಯೇ, ಸಂಕೋಚವಾಗುತ್ತದೆಯೇ?

ಹಳೆಯ ಕೈಪಿಡಿಗಳ ವಿಳಾಸಗಳನ್ನು ನಂಬಬೇಡಿ. ಮೇಲೆ ನಾನು ಹೆಸರಿಸಿದ ಪತ್ರಿಕೆಗಳಲ್ಲಿ ಅನೇಕವು ಇಂದು ಚರಿತ್ರೆಗೆ ಸೇರಿವೆ. ವಿವೇಕ ಶಾನಭಾಗರು 2005ರಲ್ಲಿ ಆರಂಭಿಸಿದ 'ದೇಶ ಕಾಲ' ತ್ರೈಮಾಸಿಕ ಹೊಸ ಶತಮಾನದ ಅತ್ಯಂತ ಗೌರವಾನ್ವಿತ ಸಾಹಿತ್ಯ ಪತ್ರಿಕೆಗಳಲ್ಲಿ ಒಂದಾಗಿತ್ತು. ಏಳು ವರ್ಷ ನಡೆದು ನಿಂತಿತು. ಕಥೆಗಾರ ಅಬ್ದುಲ್ ರಶೀದ್ ಅವರು 'ಕೆಂಡಸಂಪಿಗೆ'ಯ ಮೂಲಕ ಅಂತರ್ಜಾಲದಲ್ಲೂ ಒಳ್ಳೆಯ ಸಾಹಿತ್ಯ ಪತ್ರಿಕೆ ನಡೆಸಬಹುದೆಂದು ತೋರಿಸಿದರು. ಕಾಗದವೋ ಪರದೆಯೋ ಎಂಬುದು ದೊಡ್ಡ ಮಾತಲ್ಲ. ಆದರೆ ಕಳಿಸುವ ತಿಂಗಳಲ್ಲಿ ಪತ್ರಿಕೆ ಜೀವಂತವಾಗಿದೆಯೇ ಎಂದು ಹೊಸ ಸಂಚಿಕೆ ಕೊಂಡು ನೋಡಿಕೊಳ್ಳಿ.

ಹಣದ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಇದನ್ನು ನಾನು ಅನುಭವದಿಂದ ಹೇಳುತ್ತೇನೆ. ಪದವಿ ಓದುತ್ತಿದ್ದಾಗ "ಉದಯೋನ್ಮುಖ ಕವಿಗಳ ಸಂಕಲನ"ಕ್ಕೆ ನನ್ನ ಕವಿತೆ ಆಯ್ಕೆಯಾಗಿದೆ ಎಂಬ ಕಾರ್ಡು ಬಂತು. ಇಪ್ಪತ್ತೈದು ರೂಪಾಯಿ ಮನಿಆರ್ಡರ್ ಮಾಡಬೇಕಿತ್ತು. ಅದು ಆ ಕಾಲಕ್ಕೆ ನನ್ನ ತಿಂಗಳ ಬಸ್ಸಿನ ಖರ್ಚು. ಮಾಡಿದೆ. ಪುಸ್ತಕವೇನೋ ಬಂತು, ಅದರಲ್ಲಿ ಇನ್ನೂರು ಕವಿಗಳಿದ್ದರು, ನನ್ನ ಹೆಸರಿನ ಕೆಳಗೆ ಇನ್ಯಾರದೋ ಕವಿತೆ ಇತ್ತು. ಅದನ್ನು ಓದಿದವರು ಆ ಇನ್ನೂರು ಮಂದಿಯೂ ಅಲ್ಲ; ಪ್ರತಿಯೊಬ್ಬರೂ ತಮ್ಮ ಪುಟವನ್ನಷ್ಟೇ ನೋಡಿರುತ್ತಾರೆ. ಇಂದು ಆ ವ್ಯಾಪಾರ ಫೋನಿಗೆ ಬಂದಿದೆ: ನೋಂದಣಿ ಶುಲ್ಕ, ಪ್ರಮಾಣಪತ್ರ, ಪದಕ. "ನಮಗೆ ಐ.ಎಸ್.ಎಸ್.ಎನ್. ಸಂಖ್ಯೆ ಇದೆ" ಎಂದು ದೊಡ್ಡದಾಗಿ ಹಾಕುತ್ತಾರೆ. ಅದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಇನ್ನು ಕೆಲವು ಅಧ್ಯಾಪಕರು ವಿದ್ಯಾರ್ಥಿಗಳಿಗೆ "ಯು.ಜಿ.ಸಿ. ಪಟ್ಟಿಯ ಪತ್ರಿಕೆಗೆ ಕಳಿಸಿ" ಎನ್ನುವುದನ್ನು ಕೇಳಿದ್ದೇನೆ. ಆ 'ಕೇರ್' ಪಟ್ಟಿ ಇದ್ದದ್ದು ಸಂಶೋಧನ ಲೇಖನಗಳಿಗಾಗಿ, ಕಥೆ ಕವಿತೆಗಳಿಗಲ್ಲ. 2025ರ ಫೆಬ್ರವರಿಯಲ್ಲಿ ಯು.ಜಿ.ಸಿ. ಅದನ್ನೂ ಕೈಬಿಟ್ಟಿತು.

ಒಂದು ಕಥೆಯನ್ನು ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸುವುದು ಹಿಂದಿನಿಂದ ಬಂದ ಮರ್ಯಾದೆ. ಸ್ಪರ್ಧೆಗಳಿಗಂತೂ ಸಾಮಾನ್ಯವಾಗಿ ಎಲ್ಲಿಯೂ ಪ್ರಕಟವಾಗಿರದ ಕಥೆಯೇ ಬೇಕು, ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಅನೇಕರು ಪ್ರಕಟಣೆ ಎಂದೇ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಲೈಕಿಗಾಗಿ ಅವಸರಪಟ್ಟು ಒಳ್ಳೆಯ ಕಥೆಯ ದಾರಿ ಮುಚ್ಚಿಕೊಂಡ ಹುಡುಗರು ನನಗೆ ಗೊತ್ತು. ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ, ಕಳಿಸಿದ ದಿನಾಂಕ ಬರೆದಿಡಿ. ಉತ್ತರ ಬಾರದೆ ಇರುವುದೇ ಕನ್ನಡದಲ್ಲಿ ಹೆಚ್ಚು. ಅದು ನಿಮ್ಮ ಹೆಸರಿನ ಕಾರಣಕ್ಕೇ ಎಂದು ತಕ್ಷಣ ತೀರ್ಮಾನಿಸಬೇಡಿ. ಹಾಗೆ ಎಲ್ಲಿಯೂ ಆಗುವುದಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ನಿಮ್ಮ ಪಕ್ಕದ ಬೆಂಚಿನ ಗೆಳೆಯನಿಗೂ ಉತ್ತರ ಬಂದಿರುವುದಿಲ್ಲ, ಅವನನ್ನೂ ಕೇಳಿ ನೋಡಿ.

ಬೀಡಿ ಕಟ್ಟುವ ಅಜ್ಜಿಯ ಕಥೆ ಬರೆದ ಹುಡುಗಿಗೆ ಇಷ್ಟನ್ನೂ ಹೇಳಲು ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಅವಳು ನಮ್ಮ ಸಂಘದ ಗ್ರಂಥಾಲಯದಲ್ಲಿ ಕುಳಿತು ಮೂರು ಪತ್ರಿಕೆಗಳ ಹಳೆಯ ಸಂಚಿಕೆ ಓದಿದಳು. ಎರಡನ್ನು ಅವಳೇ ತಳ್ಳಿಹಾಕಿದಳು. ಒಂದರಲ್ಲಿ ಹಬ್ಬದ ಕಥೆಗಳೇ ಹೆಚ್ಚು, ಇನ್ನೊಂದರಲ್ಲಿ ಕಥೆಗಿಂತ ಸಿದ್ಧಾಂತ ಹೆಚ್ಚು ಎಂದಳು. ನನಗಿಂತ ಚೆನ್ನಾಗಿ ನೋಡಿದ್ದಳು. ಕಥೆಯನ್ನು ಇನ್ನೊಮ್ಮೆ ಬರೆದು, ಬೀಡಿ ಬ್ರಾಂಚಿನವನು ಎಲೆ ತೂಗುವ ದೃಶ್ಯವನ್ನು ಹೊಸದಾಗಿ ಸೇರಿಸಿ, ಕೊನೆಯ ಪುಟದಲ್ಲಿ ತನ್ನ ಪೂರ್ಣ ಹೆಸರು, ಊರು, ಅಂಚೆ ಎಲ್ಲವನ್ನೂ ಬರೆದು ಮೂರನೆಯ ಪತ್ರಿಕೆಗೆ ಕಳಿಸಿದ್ದಾಳೆ. ಮೂರು ತಿಂಗಳಾಯಿತು, ಇನ್ನೂ ಏನೂ ತಿಳಿದಿಲ್ಲ. ಮೊನ್ನೆ ಸಿಕ್ಕಾಗ ಅಜ್ಜಿಯ ಪಾಸ್‌ಬುಕ್ಕಿನ ಬಗ್ಗೆ ಇನ್ನೊಂದು ಕಥೆ ಅರ್ಧ ಆಗಿದೆ ಎಂದಳು.